ಗೊತ್ತಿಲ್ಲಕ್ಕ ಹತ್ತು

ಎಂಟು ಕಿಲೋ ಸುತ್ತಿಗಿ.
ಕಾಗಿಣಾ ದಂಡಿ, ತೊಗರಿ ಕೊಯ್ದ ಹೊಲ,
ಕೂಳಿ ಕಾಲಿಗೆ ಚುಚ್ಚತಾವ.
ಕಬ್ಬಿಣದ ತಗಡಿನ ಮ್ಯಾಲ ನಾ ಹೊಡೀಬೇಕು,
ನೆಲಕ್ಕ ನಟ್ಟ ನಲವತ್ತೆಂಟು ಕಿವಿ ಕೇಳಬೇಕು.
ದಿನಕ್ಕ ಏಳ್ನೂರು.

ಗಣಿಯೊಳಗ ಮೂವತ್ತು ವರ್ಷ ತೆಗದಾಂವ ನಾನು.
ಶಹಾಬಾದ ಕಲ್ಲು ಬೆರಳಿಲೆ ಬಡದು
ಖಣ್ ಅಂದರ ಗಟ್ಟಿ, ಬದ್ ಅಂದರ ಒಳಗ ಬಿರುಕು,
ಕಣ್ಣು ಮುಚ್ಚಿ ಹೇಳತಿದ್ದೆ.
ಅದಕ್ಕ ನುಸ್ರತ್ ಮೇಡಮ್ಮರಿಗೆ ಕೇಳೇಬಿಟ್ಟೆ:
ಇಷ್ಟೆಲ್ಲಾ ವಾಯರ್ ಯಾಕ್ರಿ, ನೆಲಕ್ಕ ಕಿವಿ ಹಚ್ಚರಿ ಸಾಕು.
ಹಚ್ಚೀವಲ್ಲ ಭೀಮಶಾ, ಅಂತ ನಕ್ಕರು.

ಹೊಡಿಯೂಕಿಂತ ಮೊದಲು ಅವರು ಕೈ ಎತ್ತತಾರ.
ಎಲ್ಲಾರೂ ಸುಮ್ಮ.
ಎಮ್ಮಿ ಹೊಡಕೊಂಡು ಹೊಂಟ ಹುಡುಗಿ ನಿಂತಳು,
ಬೈಕ್ ಬಂದ್ ಆತು.
ವಾಡಿ ಕಡಿ ಹೊಂಟ ಗೂಡ್ಸ್ ಗಾಡಿ ಮಾತ್ರ
ಯಾರ ಮಾತೂ ಕೇಳಲ್ಲ.
ಡಬ್ಬಿ ಎಲ್ಲಾ ದಾಟೂ ತನಕ
ಸುತ್ತಿಗಿ ಹೆಗಲ ಮ್ಯಾಲಿಟ್ಟು ನಿಂತೆ.
ಆಮ್ಯಾಲ, ಧಡ್.

ಕರಿಮಣ್ಣು ಅರ್ಧಾ ಸಪ್ಪಳ ತಾನೇ ತಿಂತದ.
ಉಳಿದದ್ದು ಇಳೀತದ,
ಪದರು ಪದರಿಗೆ ಒಂದಿಷ್ಟು ವಾಪಸ್ ಬರ್ತದ,
ಮದುವಿಗೆ ಹೋದ ಮಂದಿ ಹಂಗ:
ಕೆಲವರು ಉಂಡಕೂಡಲೇ, ಕೆಲವರು ಮರುದಿನ.
ಯಾರು ಎಷ್ಟೊತ್ತಿಗೆ ಬಂದರು, ಹೆಂಗ ಬಂದರು ನೋಡಿ
ಆ ಮನಿ ಎಂಥಾದಂತ ಹೇಳೂದು ಮೇಡಮ್ಮರ ಕೆಲಸ.
ಗಟ್ಟಿ ಎಷ್ಟು, ತೂತು ಎಷ್ಟು,
ತೂತಿನೊಳಗ ಏನು.

ಸಂಜಿಗೆ ಪರದೆ ಮ್ಯಾಲ ಗೆರಿ ತೋರಿಸಿದರು,
ಕಂಬಳಿ ಮಡಚಿಟ್ಟಂಗ.
ತೊಂಬತ್ತು ಮೀಟರ್ ತೆಳಗ ಒಂದು ಕಡಿ ಮೆತ್ತಗದ.
ನೀರೇನ್ರಿ?
ಇರಬಹುದು. ಮಣ್ಣು ತುಂಬಿದ ಪೊಟರಿನೂ
ಇದೇ ಸಪ್ಪಳ ಕೊಡ್ತದ.
ಒಂದು ಸಪ್ಪಳಕ್ಕ ಕಲ್ಲು ಹತ್ತು, ಭೀಮಶಾ.

ಅದಕ್ಕೇ ಮೊದಲ ದಿನ ಹಳೀ ಬಾವಿಗೆ ಹೋಗಿದ್ದು.
ಅಲ್ಲಿ ಪದರು ಕಣ್ಣಿಗೆ ಕಾಣ್ತಾವ.
ಹಗ್ಗಾ ಬಿಟ್ಟು ಅಳದು ಬರಕೊಂಡರು,
ಯಾವ ಕಲ್ಲಿನೊಳಗ ಸಪ್ಪಳ ಎಷ್ಟು ಓಡ್ತದಂತ.
ಒಂದು ಕಡಿಗೆರ ಕಣ್ಣಿಲೆ ನೋಡಬೇಕಂತ,
ಮುಂದಿಂದೆಲ್ಲಾ ಅಂದಾಜು.

ಕಡೀಕ ವಹಿಯೊಳಗ ಹಿಂಗ ಬರದರು:
ನೀರು, ನೂರಕ್ಕ ಐವತ್ತೈದು.
ಮಣ್ಣು, ಮೂವತ್ತೈದು.
ಗೊತ್ತಿಲ್ಲ, ಹತ್ತು.

ಗೊತ್ತಿಲ್ಲಕ್ಕೂ ಲೆಕ್ಕಾ ಅದ ಅಂತ
ನನಗ ಯಾರೂ ಹೇಳಿದ್ದಿಲ್ಲ.
ಗಣಿಯೊಳಗ ಹಂಗಂದರ
ಮೇಸ್ತ್ರಿ ಅವತ್ತಿನ ಹಾಜರಿ ಹೊಡಿತಿದ್ದ.
ನಾ ಖಣ್ ಅಂದಿದ್ದ ಒಂದು ಹಾಸು
ಇಳಸೂ ಮುಂದ ಎರಡಾಗಿ
ಮೌಲಾಲಿ ಕಾಲ ಮ್ಯಾಲ ಬಿತ್ತು.
ಅವತ್ತು ಹತ್ತು ಇಟ್ಟಿದ್ದರ

ಮನಿಗೆ ಬಂದು ಅಡಗಿಮನಿ ಹಾಸುಗಲ್ಲು ಬಡದೆ.
ಒಲಿ ಬಾಜೂಕಿಂದು ಬದ್ ಅಂತದ, ಅಪ್ಪ ಕೂಡಿಸಿದ್ದು.
ಇರಿವಿ ಗೂಡು, ಅಂದಳು ಅವ್ವ.
ನಿಮ್ಮಪ್ಪ ಗಚ್ಚು ಉಳಿಸ್ಯಾನ, ಅಂದಳು ಹೆಂಡತಿ.
ರೊಕ್ಕ! ಅಂದ ಮೊಮ್ಮಗ.
ಚಾಕಿಲೆ ಕಲ್ಲಿನ ಮ್ಯಾಲ ಬರದೆ:
ಅವ್ವಂದು ನಲವತ್ತು, ಅಕಿದು ಐವತ್ತು,
ಹುಡುಗ ಅಳಬಾರದಂತ ರೊಕ್ಕಕ್ಕ ಒಂದು.
ಉಳಿದ ಒಂಬತ್ತು ನಂದು.

ಕಲ್ಲು ಎತ್ತಲಿಲ್ಲ.
ಸರೀರಿ ಅತ್ಲಾಗ, ಅಂದು
ಅಕಿ ಅದರ ಮ್ಯಾಲೇ ಕುಂತು
ರೊಟ್ಟಿ ಬಡೀಲಿಕ್ಕ ಹತ್ತಿದಳು.