ಫೂಟಿಗೊಂದು ನೂಲು

ಮನಗೂಳಿ ಅಗಸಿ ದಾಟಿ ಎಡಕ್ಕ, ಪಂಚರ್ ಅಂಗಡಿ ಬಾಜೂಕ
ನಮ್ಮ ದುಕಾನ.
ಒಳಗ ಗ್ವಾಡಿಗೆ ಒಂದು ಸಾಗವಾನಿ ಹಲಗಿ ಐತಿ, ಒಂದು ಫೂಟು ಅಗಲ,
ಲಾಲೆಸಾಬ ಮಿಸ್ತ್ರಿ ಬಡದಿದ್ದು.
ಎಡ ಅಂಚಿಗೆ ಮೊಳಿ, ಬಲ ಅಂಚು ಬಿಟ್ಟೈತಿ.
ಬಿಟ್ಟ ಕಡೆ ಸುಣ್ಣದ ಮ್ಯಾಲ ಪೆನ್ಸಿಲ್ ಗೀಟು,
ಅಮಾಸಿಗೊಂದು.

ಗೀಟಿನ ಬಾಜೂಕ ಬರದಿದ್ದು ಬರೇ ತಿಂಗಳಲ್ಲ:
ಮತ್ತಿ ಕಟಗಿ ರೇಟು, ದಾಂಡೇಲಿ ಲಾರಿಯವನ ನಂಬರು,
ಜೈನಾಬಿಗೆ ಹೆಣ್ಣು, ನಸುಕಿನ್ಯಾಗ,
ಉಳಿ ಕಳದಿದ್ದು,
ಅದ ಉಳಿ ಸಿಕ್ಕಿದ್ದು.

ನಾ ಅದನ್ನ ನೋಡಾಕ ಪುರಸೊತ್ತು ಮಾಡಿದವನಲ್ಲ.
ಇಪ್ಪತ್ತೆರಡರ ಹುಡುಗ. ಬಿಗಿ ಅಂದ್ರ ಗಟ್ಟಿ, ಗಟ್ಟಿ ಅಂದ್ರ ಚಂದ,
ಅಷ್ಟ ಗೊತ್ತು.
ಬೆಳವಡಿ ವಕೀಲರಿಗೆ ಟೇಬಲ್ ಮಾಡಿದೆ, ಮೂರು ಫೂಟು ಅಗಲ.
ಜಿಟಿಜಿಟಿ ಶ್ರಾವಣ. ಸುತ್ತಲೂ ಅಂಟು, ಸುತ್ತಲೂ ಸ್ಕ್ರೂ,
ಕೂದಲು ಹೋಗದಂಗ.
ಮಿಸ್ತ್ರಿ ಊರಾಗ ಇದ್ದಿದ್ದಿಲ್ಲ.

ಹೋಳಿ ಮುಗದು ಬಿಸಲು ಏರಿತು ನೋಡ್ರಿ,
ಒಂದು ರಾತ್ರಿ ವಕೀಲರ ಮನ್ಯಾಗ ಪಟ್ ಅಂತ ಸಪ್ಪಳ.
ಹೆಂಡತಿ ಗುಂಡು ಅಂದ್ರಂತ, ಮಗ ಬೆಕ್ಕು ಅಂದನಂತ.
ಮುಂಜಾನೆ ನೋಡಿದ್ರ ಟೇಬಲ್
ಈ ತುದಿಯಿಂದ ಆ ತುದೀತನಕ ಬಾಯಿ ಬಿಟ್ಟೈತಿ,
ಒಂದು ಜಾಮೀನು ಅರ್ಜಿ ಬಿರಕಿನ್ಯಾಗ ಜಾರಿ
ಕಾಲಬುಡಕ ಬಿದ್ದೈತಿ.

"ನೋಟೀಸು ಕೊಡಲೇನೋ?" ಅಂದ್ರು ಫೋನಿನ್ಯಾಗ.
ನಗತಿದ್ರೋ ಇಲ್ಲೋ, ಇವತ್ತಿಗೂ ತಿಳಿದಿಲ್ಲ.

ಮಿಸ್ತ್ರಿ ಬಂದ್ರು. ಬೈಲಿಲ್ಲ. ಬೈದಿದ್ದರ ಬೇಷಿತ್ತು.
ಬಿರಕಿನ್ಯಾಗ ಉಗುರು ಆಡಿಸಿದ್ರು, ಮಡಚು ಸ್ಕೇಲು ಬಿಚ್ಚಿದ್ರು:
ಮೂರು ನೂಲು.
ಮಂದಿ ಸೂತ ಅಂತಾರ. ಮಿಸ್ತ್ರಿ ಹೆಂಡತಿ ಇಳಕಲ್ಲ ಕಡೆಯಾಕಿ,
ಮಗ್ಗದ ಮನಿಯಾಕಿ;
ಅದಕ್ಕೇನೋ, ಅವರ ಬಾಯಾಗ ಯಾವಾಗಲೂ ನೂಲು.
"ಫೂಟಿಗೊಂದು ನೂಲು ನೀ ಬಿಡಬೇಕಿತ್ತು," ಅಂದ್ರು.
"ನೀ ಬಿಡಲಿಲ್ಲ.
ಅದು ತಗೊಂತು."

ಅವತ್ತು ಸಂಜಿಮುಂದ ಹಲಗಿ ಮುಂದ ನಿಂತೆ.
ಶ್ರಾವಣದ ಗೀಟು ದೂರ, ಚೈತ್ರದ್ದು ಒಳಗ,
ನಡುವ ಒಂದು ಗಾಜಿನ ಬಳಿ ಹಿಡಿಯುವಷ್ಟು ಜಾಗಾ.
ಹದಿನಾಲ್ಕು ವರ್ಷ ಹೋಗೂದು ಬರೂದು, ಹೋಗೂದು ಬರೂದು.
"ಕಡದು ಇಷ್ಟು ವರ್ಷ ಆದ್ರೂ ಗಿಡಕ್ಕ ಮಳಿ ನೆನಪೈತಿ ಅಲ್ರೀ?"
"ನೆನಪು ಗಿನಪು ಅಲ್ಲೋ, ಬರೇ ನೀರು.
ಕುಡಿತೈತಿ, ಒಣಗತೈತಿ. ರಂದಾ ತಗೊ."

ಟೇಬಲ್ ಬಿಚ್ಚಿ, ಅಂಚು ತಿದ್ದಿ, ಮತ್ತ ಕೂಡಿಸಿದ್ವಿ.
ಅಗಲ ಒಂದು ಬೆರಳು ಕಡಿಮಿ ಆತು, ವಕೀಲರು ಅಳಿಯಲಿಲ್ಲ.
ಅವತ್ತಿನಿಂದ ನಾ ಟೇಬಲ್ ತಳದ ತೂತು ದುಂಡಗ ಕೊರಿಯಂಗಿಲ್ಲ,
ಉದ್ದಕ, ಗೋದಿ ಕಾಳಿನಂಗ,
ಸ್ಕ್ರೂ ಒಳಗ ಸರದಾಡಬೇಕು.
ಬಾಗಲದ ನಡು ಹಲಗಿಗೆ ಅಂಟು ಮುಟ್ಟಸಂಗಿಲ್ಲ,
ಚೌಕಟ್ಟಿನ ಕಚ್ಚಿನ್ಯಾಗ ಬರೇ ಕೂತಿರತೈತಿ,
ಬಾಡಿಗಿ ಮನ್ಯಾಗ ಕೂತಂಗ.

ಗ್ವಾಡಿ ಮ್ಯಾಲ ಮಿಸ್ತ್ರಿಯವರ ಕಡೀ ಗೀಟು ಸೊಟ್ಟ.
ಕೈ ನಡುಗತಿತ್ತು.
ಆಮ್ಯಾಲಿನವು ನನ್ನವು.
ಲಾಕ್‌ಡೌನಿನ ಮೂರು ಅಮಾಸಿ ಖಾಲಿ, ದುಕಾನಕ್ಕ ಕೀಲಿ.
ಆವಾಗೂ ಹಲಗಿ ಸರದೈತಿ,
ಯಾರೂ ಬರಕೊಂಡಿಲ್ಲ ಅಷ್ಟ.

ಮೊನ್ನೆ, ಏಪ್ರಿಲ್ ಉರಿಬಿಸಲಾಗ, ಜಲನಗರದ ಟೀಚರು ಬಂದ್ರು.
ಡ್ರಾವರ್ ಅಲ್ಲಾಡಿಸಿದ್ರು, ಸಂದಿನ್ಯಾಗ ಬಸ್ ಟಿಕೀಟು ತೂರಿಸಿದ್ರು.
"ಸಡಿಲ ಐತಲ್ರೀ."
"ಆ ಜಾಗಾ ನಿಮ್ಮದಲ್ಲ ಅಕ್ಕಾರ, ಶ್ರಾವಣದ್ದು."
ನಂಬಲಿಲ್ಲ. ಇನ್ನೂರು ಮುರಕೊಂಡು ಕೊಟ್ರು.

ಏಪ್ರಿಲ್ ಗೀಟಿನ ಬಾಜೂಕ ಬರದೀನಿ:
ಸುಮಂಗಲಾ ತೊರವಿ, ಡ್ರಾವರ್ ನಾಕು.
ಮಳಿ ಹಿಡದ ಮ್ಯಾಲ ಫೋನ್ ಬಂದ್ರ ನಾ ತಪ್ಪಿದೆ.
ಬರಲಿಲ್ಲಂದ್ರ ಲೆಕ್ಕ ಕೂಡೈತಿ.
ಡ್ರಾವರ್ ಸಲೀಸ ಬರಾಕತ್ತೈತಿ ಅಂತ
ಯಾರೂ ಯಾವತ್ತೂ ಫೋನ್ ಮಾಡಿಲ್ಲ.