ಒರಳು ಶಿವಮೊಗ್ಗದಲ್ಲಿ, ಒನಕೆ ಸಾಗರದಲ್ಲಿ

ಒಂದೇ ಗೋಡೌನಿದ್ದಾಗ ಲೆಕ್ಕ ಕಣ್ಣಲ್ಲೇ ಇತ್ತು.
ಗಾಂಧಿ ಬಜಾರಿನ ಹಿಂದಿನ ಓಣಿ, ಇಪ್ಪತ್ತು ಹೆಜ್ಜೆ ಉದ್ದ.
ಬಾಗಿಲಲ್ಲಿ ನಿಂತು ಕತ್ತು ತಿರುಗಿಸಿದರೆ
ಮಣೆ ಎಷ್ಟು, ಸೌಟು ಎಷ್ಟು, ಕಲ್ಲುಮರಿಗೆ ಎಷ್ಟು,
ಎಲ್ಲ ಬಾಯಿಲೆಕ್ಕ.
ಆರ್ಡರು ಬಂದರೆ ಸಬೀಹಾ ಕೂಗುವಳು,
ಗಾಮಪ್ಪ ಇಳಿಸುವನು,
ನಾನು ಹಲ್ಲಲ್ಲಿ ಟೇಪು ಹರಿಯುವೆನು.

ಆಮೇಲೆ ಯಾರೋ ಹೇಳಿದರು,
ಗಿರಾಕಿಗೆ ಹತ್ತಿರವಿದ್ದಷ್ಟೂ ಸಾಗಣೆ ಅಗ್ಗ,
ಒಂದು ಕಡೆ ನೀರು ನುಗ್ಗಿದರೆ ಇನ್ನೊಂದು ಕಡೆಯದು ಉಳಿದೀತು.
ಆ ವರ್ಷ ತುಂಗೆ ಓಣಿಯ ಬಾಯಿಗೇ ಬಂದು
ಎಂಬತ್ತು ರಟ್ಟಿನ ಡಬ್ಬ ಅಂಬಲಿಯಾಗಿದ್ದವು.
ಮಾತು ನಾಟಿತು.
ಒಂದು, ಮೂರಾಯಿತು.

ಶಿವಮೊಗ್ಗಕ್ಕೆ ಹಳೆಯ ಅಕ್ಕಿ ಗಿರಣಿ.
ತೌಡಿನ ವಾಸನೆ ಹೋಗಲಿಲ್ಲ, ಇಲಿಗಳೂ.
ತೀರ್ಥಹಳ್ಳಿಗೆ ನಿಂತುಹೋದ ಐಸ್ ಫ್ಯಾಕ್ಟರಿ:
ಮೊಳದಪ್ಪ ಗೋಡೆ, ಒಳಗೆ ಸಿಗ್ನಲ್ಲೇ ಇಲ್ಲ,
ವಿಲ್ಮಾ ಪ್ರತಿ ಡಬ್ಬಕ್ಕೂ ಹೊರಗೆ ಬಂದು
ಫೋನಿಗೆ ಆಕಾಶ ತೋರಿಸಬೇಕು,
ಉಣ್ಣದ ಮಗುವಿಗೆ ಚಂದ್ರನನ್ನು ತೋರಿಸಿದ ಹಾಗೆ.
ಸಾಗರಕ್ಕೆ ಮುಚ್ಚಿದ ಟಾಕೀಸು.
ನೆಲ ಪರದೆಯ ಕಡೆಗೆ ಇಳಿಜಾರು,
ರ‍್ಯಾಕುಗಳೆಲ್ಲ ಫೈಟಿಂಗ್ ಸೀನು ಬಂದವರಂತೆ ಮುಂದಕ್ಕೆ ವಾಲಿದವು.
ಗಾಮಪ್ಪ ಮುಂಗಾಲಿಗೆ ಹಲಸಿನ ಚಕ್ಕೆ ಕೊಟ್ಟ.
ಗೋಡೆಯ ಮೇಲೆ ಸೀಟಿನ ಸಾಲುಗಳ ಅಕ್ಷರ ಇನ್ನೂ ಇದ್ದವು,
ನಮಗೆ ಅದೇ ವಿಳಾಸ:
ಸೌಟು 'ಡಿ' ಸಾಲು, ಲಟ್ಟಣಿಗೆ 'ಎಚ್',
ದುಬಾರಿಯದ್ದೆಲ್ಲ ಬಾಲ್ಕನಿ.

ಹಂಚಿದ್ದು ನಾನೇ.
ಒಂದು ಭಾನುವಾರ, ಕಾಲು ಚಾಚಿ ಕೂತು.
ಭಾರದ್ದು ಶಿವಮೊಗ್ಗಕ್ಕೆ, ಲಾರಿ ನಿಲ್ಲುವುದು ಅಲ್ಲೇ ತಾನೆ.
ಮರದ್ದು ಸಾಗರಕ್ಕೆ, ಕೆತ್ತುವವರು ಅಲ್ಲೇ ತಾನೆ.
ಉಳಿದದ್ದು ತೀರ್ಥಹಳ್ಳಿಗೆ.
ಪುಟ್ಟ ಒರಳು ಕಲ್ಲಿನದು. ಅದರ ಒನಕೆ ಮರದ್ದು.
ಎರಡು ಸಾಲು, ಎರಡು ನಂಬರು.
ಒಂದು ಸಂಸಾರ ಒಡೆದೆ ನೋಡಿ,
ಕೈಯಲ್ಲಿ ಅರ್ಧ ಲೋಟ ಕಾಫಿ ಹಿಡಿದು.

ಕಂಪ್ಯೂಟರಿನದೇನು ತಪ್ಪು?
ಅದು ಪಿನ್‌ಕೋಡು ನೋಡಿತು, ಸ್ಟಾಕು ನೋಡಿತು,
ಆರ್ಡರನ್ನು ನಡುವೆ ಸೀಳಿ
ಎರಡು ಊರಿಗೆ ಚೀಟಿ ಕಳಿಸಿತು.
ಒರಳು ಮಂಗಳವಾರ ಹೊರಟಿತು.
ಒನಕೆ ಶುಕ್ರವಾರ.

ಮೊದಲ ಫೋನು ರಾಣೆಬೆನ್ನೂರಿನಿಂದ, ನೀಲಗಂಗಮ್ಮ ಅಂತ.
"ಒಳ್ಳಾಗ ತಲಿ ಇಟ್ಟು ಕುಂತೀನ್ರೀ,
ಒನಕಿ ಪೆಟ್ಟು ಯಾವಾಗ ಬರ್ತೈತಿ?"
ನಕ್ಕೆ. ಹತ್ತನೆಯ ಫೋನಿಗೆ ನಗು ಬರಲಿಲ್ಲ.
ಒಂದರ ಲಾಭ ಎರಡರ ಸಾಗಣೆಗೆ ಹೋಗಿತ್ತು.
ಸಬೀಹಾ ಬೈಯಲಿಲ್ಲ, ಅದೇ ಕಷ್ಟ.
ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿಟ್ಟಳು, ಅಷ್ಟೇ.

ಶನಿವಾರ ನಾನೇ ಸಾಗರಕ್ಕೆ ಹೋದೆ.
ಕತ್ತಲಲ್ಲಿ ಗಾಮಪ್ಪ ಟಾರ್ಚು ಬಿಟ್ಟ,
ತಡವಾಗಿ ಬಂದವರಿಗೆ ಸೀಟು ತೋರಿಸುವಂತೆ:
'ಕೆ' ಸಾಲು.
ಇದ್ದಷ್ಟೂ ಒನಕೆ ಗೋಣಿಗೆ ತುಂಬಿ ಕಟ್ಟಿದೆವು.
ಊಟದ ಡಬ್ಬಿ ತೆರೆದವನು ಸ್ವಲ್ಪ ಹೊತ್ತು ಸುಮ್ಮನಿದ್ದ.
"ಅಲ್ಲಿ ಮೂರು ಜನ ಉಣ್ತಿದ್ವಿ," ಅಂದ,
"ಇಲ್ಲಿ ಪಾರಿವಾಳದ ಜೊತೆ."
ಸಾಮಾನು ಹಂಚುವಾಗ
ಇದಕ್ಕೊಂದು ಕಾಲಂ ಇರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಗೋಣಿಯನ್ನು ಕಾಲಲ್ಲಿ ತಟ್ಟಿ ನೋಡಿದ.
"ಏನಮ್ಮಾ ಇದು?"
"ಒನಕೆ."
"ಒರಳು?"
"ಶಿವಮೊಗ್ಗದಲ್ಲಿ."
ಲಗೇಜು ಟಿಕೆಟ್ ಹರಿಯುತ್ತ ತಲೆಯಾಡಿಸಿದ,
ಇಂಥವರನ್ನು ಬಹಳ ನೋಡಿದವನ ಹಾಗೆ.
ಆನಂದಪುರ, ಕುಂಸಿ, ಆಯನೂರು.
ರಸ್ತೆ ಕುಲುಕಿದಾಗಲೆಲ್ಲ ಗೋಣಿ ಒಳಗೊಳಗೇ ಕುಟ್ಟುತ್ತಿತ್ತು,
ಏನೂ ಇಲ್ಲದ್ದನ್ನು.

ರಾತ್ರಿ ಗಿರಣಿಯಲ್ಲಿ ಕೂತು ಜೊತೆ ಮಾಡಿದೆ.
ಕಲ್ಲಿಗೊಂದು ಮರ, ಒಂದೇ ಡಬ್ಬ, ಇನ್ನು ಮೇಲೆ ಒಂದೇ ನಂಬರು.
ಒರಳು ಇಪ್ಪತ್ತು. ಒನಕೆ ಇಪ್ಪತ್ತೊಂದು.
ಮತ್ತೆ ಎಣಿಸಿದೆ.
ಸಬೀಹಾ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಾಳೆ.
ಇಪ್ಪತ್ತೊಂದು.