ನಕ್ಷೆಯಲ್ಲೊಂದು ಸೊನ್ನೆ

ಗಂಗಾವತಿಯ ಹೊಸ ರುದ್ರಭೂಮಿಗೆ ನಕ್ಷೆ ಬರೆಯೆಂದರು.
ಎರಡೆಕರೆ ಹದಿನಾರು ಗುಂಟೆ. ಪಡುವಣಕ್ಕೆ ಕಾಲುವೆ,
ಮೂಡಣಕ್ಕೆ ರೈಸ್‌ಮಿಲ್ಲಿನ ಹಿಂಗೋಡೆ.
ಏಳಡಿಗೆ ಮೂರಡಿ, ಏಳಡಿಗೆ ಮೂರಡಿ,
ಸ್ಕೇಲು ಜಾರಿಸುತ್ತ ನೂರಾ ನಲವತ್ತು ಮನೆ ಬರೆದೆ
ಒಂದೇ ಮಧ್ಯಾಹ್ನದಲ್ಲಿ, ಯಾರ ಹೆಸರೂ ಕೇಳದೆ.
ನಡುವೆ ಕಲ್ಲುಹಾಸು, ನೀರಿನ ತೊಟ್ಟಿ, ನಾಲ್ಕು ಸಿಮೆಂಟ್ ಬೆಂಚು.

ಕುಣಿ ತೋಡುವ ದ್ಯಾವಣ್ಣ
ಹಾಳೆ ತಲೆಕೆಳಗು ಹಿಡಿದು ನೋಡಿದ.
"ಇದರಾಗ ಎಲ್ಲಾರೂ ಮಲಕ್ಕೊಂಡಾರಲ್ರೀ ಮೇಡಮ್ಮಾರ,
ಕುಂತು ಹೋಗೋರು ಎಲ್ಲಿ ಕುಂದ್ರಬೇಕು?"
ಹಿಮ್ಮಡಕ್ಕೆ ಹೆಬ್ಬೆರಳು ತಾಗಿಸಿ ನಡೆದು ತೋರಿಸಿದ:
ಇಷ್ಟು ಕುಣಿ, ಒಳಗೊಂದು ಗೂಡು,
ಗೂಡಿನೊಳಗೆ ವಿಭೂತಿ, ಪತ್ರಿ, ಮಡಚಿದ ಕಾಲು.
"ಟೇಪು ನಿಮಗ. ನಮಗ ಸತ್ತಾತನ ಪಾದನ ಅಳತಿ."

ಭಾನುವಾರ ಹಿರೇಬೆಣಕಲ್ಲಿನ ಗುಡ್ಡ ಹತ್ತಿದೆ.
ಮೋರ್ಯರ ಮನೆ ಅನ್ನುತ್ತಾರೆ.
ಆಳೆತ್ತರದ ಬಂಡೆಗಳು ನಿಂತು ಮೇಲೊಂದು ಚಪ್ಪಡಿ.
ಒಂದು ಬಂಡೆಗೆ ಮಾತ್ರ
ರೊಟ್ಟಿಯಷ್ಟಗಲ ದುಂಡು ಕಿಂಡಿ.
ಅಕ್ಷರವಿಲ್ಲ, ಇಸವಿಯಿಲ್ಲ, ಕಟ್ಟಿಸಿದವರ ಹೆಸರೂ ಇಲ್ಲ.
ಕುರಿ ಕಾಯುವ ಹುಡುಗ ಕಿಂಡಿಯೊಳಗೆ ಬುತ್ತಿ ಇಟ್ಟಿದ್ದ.
ತಂಪಿರತೈತ್ರಿ, ಅಂದ.
ಅದು ಅದಕ್ಕಲ್ಲ ಎನ್ನಲು
ನನ್ನಲ್ಲಿ ಪುರಾವೆಯಿರಲಿಲ್ಲ.

ನನಗಿಂತ ಮೊದಲು ಅವ್ವನಿಗೊಂದು ಕೂಸು.
ಹನ್ನೊಂದು ದಿನ. ತೊಟ್ಟಿಲಿಗೇ ಹಾಕಿರಲಿಲ್ಲ, ಹೆಸರೆಲ್ಲಿಂದ.
ಹಸುಗೂಸಿಗೆ ಕಲ್ಲಿಡಬಾರದು ಅಂದರಂತೆ ಹಿರಿಯರು.
ಹೂತ ಜಾಗ ಕಾಲುವೆಯಾಚೆ,
ಈಗ ಯಾರದೋ ಸೋನಾಮಸೂರಿ ಗದ್ದೆ.
ಬಸ್ಸು ಅಲ್ಲಿ ತಿರುಗುವಾಗ
ಅವ್ವ ಮಾತು ನಿಲ್ಲಿಸುತ್ತಾಳೆ,
ಸೊನ್ನೆ ರೂಪಾಯಿಯ ಟಿಕೆಟ್ಟನ್ನು
ಮಡಚುತ್ತಾಳೆ, ಮತ್ತೆ ಮಡಚುತ್ತಾಳೆ,
ಮಡಚಲು ಏನೂ ಉಳಿಯದಷ್ಟು.
ತಿರುವು ದಾಟಿದ ಮೇಲೆ
ಬಿಟ್ಟಲ್ಲಿಂದಲೇ ಶುರು: ಟೊಮೆಟೊ ದರ, ಬೀಗರ ಬಿಗುಮಾನ.

ಸೋಮವಾರ ಹಳೆ ಹಾಳೆಗೇ ರಬ್ಬರು ಹಿಡಿದೆ.
ಬಡಗಣ ಮೂಲೆಯಲ್ಲಿ ಕೂರುವವರಿಗೆ ಚೌಕ ಬರೆದೆ;
ಅಳತೆಯ ಜಾಗದಲ್ಲಿ 'ದ್ಯಾವಣ್ಣನ ಕೇಳಿ' ಎಂದು ಗೀಚಿ
ಸಾಹೇಬರಿಗೆ ಹೆದರಿ ಅಳಿಸಿದೆ.
ಹೋಗಲಿ.
ಕಾಲುವೆ ಕಡೆಯ ಕಾಂಪೌಂಡಿನ ಮೇಲೆ
ಕೈವಾರ ಊರಿ ಒಂದು ಸುತ್ತು ಎಳೆದೆ.

ಗುತ್ತಿಗೆದಾರ ಬೆರಳಿಟ್ಟ.
"ಇದೇನ್ರೀ ಸೊನ್ನಿ? ಎಸ್ಟಿಮೇಟಿನಾಗ ಇಲ್ಲಲ್ಲ."
ನೀರು ಹೋಗಾಕ, ಅಂದೆ.
"ಎದಿಮಟ್ಟ ಎತ್ತರದಾಗ?"
ಹೌದು, ಅಂದೆ. ಅಷ್ಟು ಎತ್ತರಕ್ಕ ಬರತೈತಿ.